ಯಾವ ಲೋಹ ಅಂತ ಕಿಡಿಯೇ ಹೇಳುತ್ತದೆ

ಚಿಕ್ಕಮಗಳೂರಲ್ಲಿ ನಮ್ಮದು ಸಣ್ಣ ವರ್ಕ್‌ಶಾಪು. ಲೇತ್, ವೆಲ್ಡಿಂಗ್ ಎರಡೂ ಮಾಡುತ್ತೇವೆ. ಅರೇಬಿಕಾ ಕಾಫಿ ಕೊಯ್ಲು ಶುರುವಾದರೆ ತೋಟಗಳಿಂದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಭಾಗಗಳು ಒಂದರ ಹಿಂದೆ ಒಂದು ಬರುತ್ತವೆ. ಕೊಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕಲ್ವಾ, ಬಂದವರಿಗೆಲ್ಲ ಅವಸರ. "ಬೇಗ ಒಂದು ವೆಲ್ಡ್ ಹೊಡೆದು ಕೊಡಣ್ಣಾ" ಅನ್ನುತ್ತಾರೆ. ಆದರೆ ಅದು ಯಾವ ಲೋಹ ಅಂತ ಗೊತ್ತಾಗದೆ ನಾನು ವೆಲ್ಡಿಂಗ್ ರಾಡ್ ಮುಟ್ಟುವುದಿಲ್ಲ.

ಮ್ಯಾಗ್ನೆಟ್ ಹಿಡಿದರೆ ಅರ್ಧ ವಿಷಯ ತಿಳಿಯುತ್ತದೆ. ಎಂಎಸ್ಸಿಗೂ (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಮೆತ್ತನೆ ಉಕ್ಕು) ಬೀಡಿಗೂ (ಎರಕದ ಕಬ್ಬಿಣ, ಕಾಸ್ಟ್ ಐರನ್) ಅಂಟುತ್ತದೆ. ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂಗೆ ಅಂಟುವುದಿಲ್ಲ. 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲಿಗೂ ಅಂಟುವುದಿಲ್ಲ, ಆದರೆ ಬಗ್ಗಿಸಿದ ಮೂಲೆಯಲ್ಲಿ ಸ್ವಲ್ಪ ಎಳೆಯಬಹುದು. ಅಷ್ಟಕ್ಕೇ ಡೂಪ್ಲಿಕೇಟ್ ಅಂತ ಅಂಗಡಿಯವರ ಜೊತೆ ಸುಮ್ನೆ ಜಗಳಕ್ಕೆ ಹೋಗಬೇಡಿ.

ಎಂಎಸ್ಸೋ ಬೀಡೋ ಅನ್ನುವುದಕ್ಕೆ ಗ್ರೈಂಡರೇ ಬೇಕು. ಕಾಣದ ಜಾಗದಲ್ಲಿ ಸ್ವಲ್ಪ ತಾಗಿಸಿ, ನೆರಳಲ್ಲಿ ನಿಂತು ಕಿಡಿ ನೋಡುತ್ತೇನೆ. ಎಂಎಸ್ ಕಿಡಿ ಹಳದಿ, ಉದ್ದ, ಜಾಸ್ತಿ ಕವಲೊಡೆಯುವುದಿಲ್ಲ. ಲಾರಿಯ ಕಮಾನು ಪಟ್ಟಿಯ ಕಿಡಿ ತುದಿಯಲ್ಲಿ ನಕ್ಷತ್ರದ ಹಾಗೆ ಸಿಡಿಯುತ್ತದೆ. ತೋಟದ ಕತ್ತಿಗೆ ಅದೇ ಸರಿ. ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಡಸಾಗುತ್ತದೆ. ಎಂಎಸ್ಸಲ್ಲಿ ಇಂಗಾಲ 0.25 ಪರ್ಸೆಂಟಿನ ಒಳಗೇ ಇರುವುದರಿಂದ ಎಷ್ಟು ಅದ್ದಿದರೂ ಆ ಗಡಸುತನ ಬರುವುದಿಲ್ಲ. ಬೀಡಿನ ಕಿಡಿ ಕೆಂಪು, ಮೋಟು. ಅದರಲ್ಲಿ ಇಂಗಾಲ 2ರಿಂದ 4 ಪರ್ಸೆಂಟ್.

ಈ ಬೀಡೇ ನಿಜವಾದ ತಲೆನೋವು. ಮಾಮೂಲಿ ರಾಡ್ ಹಾಕಿದರೆ ತಣ್ಣಗಾಗುವಾಗಲೇ ಟಿಕ್ ಅಂತ ವೆಲ್ಡಿನ ಪಕ್ಕದಲ್ಲಿ ಸೀಳುತ್ತದೆ. ಹಾಗಾಗಿ ಮೊದಲು ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಹೊಡೆಯುತ್ತೇನೆ, ಅದು ಮುಂದಕ್ಕೆ ಓಡಬಾರದು. ಬಿರುಕನ್ನು ವಿ ಆಕಾರಕ್ಕೆ ಗ್ರೈಂಡ್ ಮಾಡಿ, ಜಿಡ್ಡು ಸುಟ್ಟು, ಇಡೀ ಭಾಗವನ್ನು ಬಿಸಿ ಮಾಡುತ್ತೇನೆ. ಆಮೇಲೆ ನಿಕಲ್ ರಾಡಲ್ಲಿ ಒಂದೊಂದೇ ಇಂಚು. ಪ್ರತಿ ಇಂಚು ಮುಗಿದಾಗ, ಬಿಸಿ ಇರುವಾಗಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಕೊನೆಗೆ ಒಣ ಬೂದಿಯಲ್ಲಿ ಹೂತು ಬೆಳಗಿನವರೆಗೆ ಮುಟ್ಟುವುದಿಲ್ಲ. ನಿಕಲ್ ರಾಡ್ ದುಬಾರಿ. ಆದರೂ ಬೀಡಿನ ಕೆಲಸಕ್ಕೆ ಬೇರೆ ರಾಡ್ ಹಾಕಲು ನನಗೆ ಮನಸ್ಸು ಬರುವುದಿಲ್ಲ.

ಹಳೇ ಪಲ್ಪರ್‌ಗಳ ಡ್ರಮ್ಮಿನ ಮೇಲೆ ಉಬ್ಬುಗಳಿರುವ ತಾಮ್ರದ ಹೊದಿಕೆ ಇರುತ್ತದೆ. ಕಲ್ಲು ಸಿಕ್ಕಿ ನಜ್ಜಾದರೆ ತಟ್ಟಿ ಸರಿ ಮಾಡಬಹುದು. ಆದರೆ ತಟ್ಟಿದಷ್ಟೂ ತಾಮ್ರ ಬಿರುಸಾಗುತ್ತದೆ. ಆಗ ಮಂದ ಕೆಂಪಾಗುವವರೆಗೆ ಕಾಯಿಸಿ ನೀರಿಗೆ ಹಾಕುತ್ತೇನೆ. ಕತ್ತಿಯ ಉಕ್ಕಿಗೆ ಪೂರಾ ಉಲ್ಟಾ, ತಾಮ್ರ ಮತ್ತೆ ಮೆತ್ತಗಾಗುತ್ತದೆ. ಆಮೇಲೆ ಒಳಗಿನಿಂದ ಉಬ್ಬುಗಳನ್ನು ಒಂದೊಂದಾಗಿ ಎಬ್ಬಿಸಿದರೆ ಹರಿಯುವುದಿಲ್ಲ.