ಫ್ರೀಜರಿನಲ್ಲಿ ಐಸ್ ಇದೆ, ಕೆಳಗೆ ತಂಪಿಲ್ಲ: ದೋಷವನ್ನು ನಾನು ಹುಡುಕಿದ ಬಗೆ

ಫ್ರೀಜರಿನಲ್ಲಿ ಐಸ್ ಗಟ್ಟಿಯಾಗಿಯೇ ಇತ್ತು. ಕೆಳಗಿನ ಅರೆಯಲ್ಲಿಟ್ಟ ನೀರಿನ ಬಾಟಲಿ ಮಾತ್ರ ತಣ್ಣಗಾಗುತ್ತಿರಲಿಲ್ಲ. ನೋಡಲು ಬಂದ ಮೆಕ್ಯಾನಿಕ್ ಹಿಂಬದಿಗೆ ಕೈಯಿಟ್ಟು, ‘ಗ್ಯಾಸ್ ಹೋಗಿದೆ, ತುಂಬಿಸಬೇಕು’ ಎಂದು ಹೇಳಿ ಹೊರಟರು. ಅದನ್ನು ಒಪ್ಪಲು ನನಗೆ ಮನಸ್ಸಾಗಲಿಲ್ಲ. ಫ್ರಿಡ್ಜಿನ ಗ್ಯಾಸ್ ಬಳಸಿದಷ್ಟೂ ಕರಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ವರ್ಷಗಟ್ಟಲೆ ಅದೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿಕೆ ಇರಬೇಕು. ಜೊತೆಗೆ ಇನ್ನೊಂದು ವಿಷಯ ನೆನಪಾಯಿತು. ಹಿಂದಿನ ತಿಂಗಳು ನಾವು ಊರಿನಲ್ಲಿಲ್ಲದಾಗ ಎರಡು ದಿನ ಫ್ರಿಡ್ಜ್ ಆಫ್ ಮಾಡಿದ್ದೆವು. ಮರಳಿ ಹಾಕಿದ ಮೇಲೆ ಒಂದು ವಾರ ಅದು ಹೊಸದರಂತೆ ತಂಪು ಕೊಟ್ಟಿತ್ತು. ಸೋರಿದ ಗ್ಯಾಸ್ ಎರಡು ದಿನದ ವಿಶ್ರಾಂತಿಯಿಂದ ಮರಳಿ ಬರುವುದಿಲ್ಲ.

ಮೊದಲು ಅಳತೆ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ಮಧ್ಯದ ಹಲಗೆಯ ಮೇಲೆ ರಾತ್ರಿಯಿಡೀ ಇಟ್ಟೆ. ಬಾಗಿಲು ತೆರೆದಾಗ ಗಾಳಿಯ ಉಷ್ಣತೆ ಥಟ್ಟನೆ ಏರುತ್ತದೆ, ನೀರಿನದು ಏರುವುದಿಲ್ಲ. ಬೆಳಿಗ್ಗೆ ಕೆಳಗೆ 13 ಡಿಗ್ರಿ ಸೆಲ್ಸಿಯಸ್, ಫ್ರೀಜರಿನಲ್ಲಿ ಮೈನಸ್ 11. ಇರಬೇಕಾದದ್ದು 4ರ ಆಸುಪಾಸು ಮತ್ತು ಮೈನಸ್ 18. ಬಾಗಿಲಿನ ರಬ್ಬರಿಗೆ ಕಾಗದ ಸಿಕ್ಕಿಸಿ ಎಳೆದೆ, ಎಲ್ಲ ಕಡೆಯೂ ಬಿಗಿಯಾಗಿತ್ತು. ಕಂಪ್ರೆಸರ್ ಓಡುತ್ತಿತ್ತು. ಹಿಂಬದಿಯ ಧೂಳು ತೆಗೆಯುವಾಗ ಕಂಪ್ರೆಸರಿನ ಮೇಲಿರುವ ನೀರಿನ ತಟ್ಟೆ ಒಣಗಿ ಬಿಳಿಚಿಕೊಂಡಿರುವುದು ಕಂಡಿತು. ಅದರ ಅರ್ಥ ಆಗ ಹೊಳೆಯಲಿಲ್ಲ.

ನಮ್ಮದು ಫ್ರಾಸ್ಟ್ ಫ್ರೀ ಫ್ರಿಡ್ಜ್, ಅಂದರೆ ಕಟ್ಟಿದ ಹಿಮವನ್ನು ಆಗಾಗ ತಾನೇ ಕರಗಿಸಿಕೊಳ್ಳುವಂಥದ್ದು. ಇಂಥವುಗಳಲ್ಲಿ ಕೆಳಗಿನ ಅರೆಗೆ ಸಾಮಾನ್ಯವಾಗಿ ತನ್ನದೇ ತಂಪು ಇರುವುದಿಲ್ಲ. ಫ್ರೀಜರಿನ ಹಿಂಗೋಡೆಯ ಮರೆಯಲ್ಲಿ ತಂಪು ಹುಟ್ಟಿಸುವ ಒಂದೇ ಕಾಯಿಲ್, ಅಂದರೆ ಗ್ಯಾಸ್ ಹರಿಯುವ ಸುರುಳಿ ಕೊಳವೆ, ಇರುತ್ತದೆ. ಅದರ ಮೇಲೆ ಹಾದ ಗಾಳಿಯನ್ನು ಸಣ್ಣ ಫ್ಯಾನ್ ಮೇಲಕ್ಕೂ ಕೆಳಕ್ಕೂ ಕಳುಹಿಸುತ್ತದೆ. ಗಾಳಿ ತಗ್ಗಿದರೆ ಮೊದಲು ಸೊರಗುವುದು ಕೆಳಗಿನ ಅರೆ. ಬಾಗಿಲಿನ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದು ಕಿವಿಗೊಟ್ಟೆ. ಫ್ಯಾನ್ ತಿರುಗುವ ಸದ್ದಿತ್ತು, ಆದರೆ ಗಾಳಿಕಿಂಡಿಗೆ ಕೈಯೊಡ್ಡಿದರೆ ಉಸಿರಿನಷ್ಟೂ ಗಾಳಿ ಇಲ್ಲ.

ಪ್ಲಗ್ ಕಿತ್ತು, ಹಿಂಗೋಡೆಯ ಸ್ಕ್ರೂಗಳನ್ನು ಬಿಚ್ಚಿದೆ. ಫಲಕ ಐಸಿಗೆ ಅಂಟಿಕೊಂಡಿತ್ತು. ನಿಧಾನವಾಗಿ ಅಲುಗಿಸಿ ಬಿಡಿಸಬೇಕಾಯಿತು. ಒಳಗೆ ಕಾಯಿಲ್ ಎಂಬುದೇ ಕಾಣುತ್ತಿರಲಿಲ್ಲ. ಇಡೀ ಜಾಗದಲ್ಲಿ, ಮೇಲಿನ ಅಂಚಿನಿಂದ ಕೆಳಗಿನ ಅಂಚಿನವರೆಗೆ, ಒಂದೇ ಸಮನಾದ ಬಿಳಿ ಗೋಡೆ.

ಈ ನೋಟವನ್ನು ಓದಲು ಕಲಿಯಬೇಕು. ಗ್ಯಾಸ್ ಕಡಿಮೆಯಾಗಿದ್ದರೆ ಕಾಯಿಲಿನ ಆರಂಭದ ಒಂದೆರಡು ಸುತ್ತುಗಳಲ್ಲಿ ಮಾತ್ರ ಹಿಮ ಕಟ್ಟಿ ಉಳಿದ ಭಾಗ ಬೋಳಾಗಿರುತ್ತದೆ. ಕಂಪ್ರೆಸರ್ ಓಡುತ್ತಿದ್ದೂ ಎಲ್ಲಿಯೂ ಹಿಮವಿಲ್ಲದಿದ್ದರೆ ಗ್ಯಾಸ್ ಪೂರ್ತಿ ಖಾಲಿ, ಇಲ್ಲವೇ ಕೊಳವೆ ಕಟ್ಟಿದೆ, ಇಲ್ಲವೇ ಕಂಪ್ರೆಸರ್ ಒತ್ತಡ ಕೊಡುತ್ತಿಲ್ಲ. ಎಲ್ಲ ಕಡೆಯೂ ದಪ್ಪಗೆ ಕಟ್ಟಿದ್ದರೆ ತಂಪು ಹುಟ್ಟುತ್ತಿದೆ, ಐಸ್ ಕರಗುತ್ತಿಲ್ಲ. ಅಂದರೆ ಹಿಮವನ್ನು ಆಗಾಗ ಕರಗಿಸುವ ಡಿಫ್ರಾಸ್ಟ್ ಕೆಲಸ ನಿಂತಿದೆ. ಕರಗಿದ ನೀರು ಬಂದು ಬೀಳುವ ಹಿಂಬದಿಯ ತಟ್ಟೆ ಒಣಗಿದ್ದುದು ಇದಕ್ಕೇ. ಎರಡು ದಿನ ಆಫ್ ಮಾಡಿದಾಗ ಐಸ್ ತಾನಾಗಿ ಕರಗಿದ್ದರಿಂದಲೇ ಒಂದು ವಾರ ತಂಪು ಸಿಕ್ಕಿತ್ತು.

ಚಾಕುವಿನಿಂದ ಐಸ್ ಕೆತ್ತುವ ಆಸೆಯಾಗುವುದು ಇಲ್ಲೇ. ಖಂಡಿತ ಬೇಡ. ಕಾಯಿಲ್ ತೆಳುವಾದ ಅಲ್ಯೂಮಿನಿಯಮ್. ತೂತಾದರೆ ಫ್ರಿಡ್ಜಿನ ಕಥೆ ಮುಗಿದಂತೆ. ಈಗಿನ ಬಹಳಷ್ಟು ಫ್ರಿಡ್ಜುಗಳಲ್ಲಿರುವ ಆರ್600ಎ ಎಂಬ ಅನಿಲ ಐಸೋಬ್ಯೂಟೇನ್, ಬೆಂಕಿ ಹತ್ತುವಂಥದ್ದು. ನಾನು ಬಿಸಿನೀರಿನ ಪಾತ್ರೆಗಳನ್ನು ಇಟ್ಟು ಬದಲಾಯಿಸುತ್ತಾ ಕಾದೆ, ನೆಲದ ಮೇಲೆ ಹಳೆಯ ಬಟ್ಟೆ ಹಾಸಿ. ಪೂರ್ತಿ ಕರಗಲು ಸಂಜೆಯಾಯಿತು.

ಕಾಯಿಲಿನ ಬಳಿಯ ಡಿಫ್ರಾಸ್ಟ್ ಸರಣಿಯಲ್ಲಿ ಮೂರು ಭಾಗಗಳು: ಕಾಯಿಲಿನ ಕೆಳಗಿನ ಹೀಟರ್, ಶಾಖಕ್ಕೆ ತಕ್ಕಂತೆ ಸಂಪರ್ಕ ಕೂಡಿಸಿ ಕಡಿಯುವ, ಕಾಯಿಲಿಗೆ ಕಚ್ಚಿಸಿದ ಬೈಮೆಟಲ್ ಸ್ವಿಚ್, ಮತ್ತು ಶಾಖ ಮಿತಿ ಮೀರಿದರೆ ಸುಟ್ಟು ವಿದ್ಯುತ್ತನ್ನು ಕಡಿಯುವ ಥರ್ಮಲ್ ಫ್ಯೂಸ್. ಒಂದು ಕಡಿದರೂ ಹೀಟರ್ ಬಿಸಿಯಾಗದು. ಮಲ್ಟಿಮೀಟರಿನಲ್ಲಿ ಹೀಟರ್ ಸುಮಾರು 310 ಓಮ್ ತೋರಿಸಿತು, ಅದು ಸರಿಯಿದೆ. ಬೈಮೆಟಲ್ ಏನನ್ನೂ ತೋರಿಸಲಿಲ್ಲ. ಕಳ್ಳ ಸಿಕ್ಕಿತೆಂದುಕೊಂಡೆ, ಆದರೆ ತಪ್ಪಿದ್ದೆ. ಬೈಮೆಟಲ್ ಕೋಣೆಯ ಶಾಖದಲ್ಲಿ ತೆರೆದೇ ಇರುತ್ತದೆ. ಚೆನ್ನಾಗಿ ತಣಿದಾಗ ಮಾತ್ರ ಸಂಪರ್ಕ ಕೂಡಿಸುತ್ತದೆ. ಒಂದು ಬಟ್ಟಲಿನಲ್ಲಿ ಐಸ್ ಪುಡಿ ಮಾಡಿ ಉಪ್ಪು ಬೆರೆಸಿದೆ. ಆ ಮಿಶ್ರಣ ಮೈನಸ್ 10ಕ್ಕಿಂತಲೂ ಕೆಳಗಿಳಿಯುತ್ತದೆ. ಬೈಮೆಟಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರೊಳಗೆ ಹುದುಗಿಸಿ, ತಂತಿಗಳಿಗೆ ಮೀಟರ್ ಹಿಡಿದು ಕುಳಿತೆ. ಐದಾರು ನಿಮಿಷ ಕಳೆದ ಮೇಲೆ ಸಣ್ಣದೊಂದು ‘ಟಿಕ್’. ಬೆನ್ನಿಗೇ ಮೀಟರ್ ಕೂಗಿತು. ಬೈಮೆಟಲ್ ಸರಿಯಾಗಿಯೇ ಇತ್ತು.

ಉಳಿದದ್ದು ಥರ್ಮಲ್ ಫ್ಯೂಸ್. ಅದು ಕೋಣೆಯ ಶಾಖದಲ್ಲಿಯೂ ಸಂಪರ್ಕ ತೋರಿಸಲೇಬೇಕು, ತೋರಿಸಲಿಲ್ಲ. ಸುಟ್ಟಿದ್ದೇಕೆ? ಬೈಮೆಟಲ್ ಬಿಚ್ಚುವಾಗ ಅದರ ಕ್ಲಿಪ್ ಕಾಯಿಲಿನಿಂದ ಕಳಚಿ ತೂಗಾಡುತ್ತಿದ್ದುದನ್ನು ನೋಡಿದ್ದೆ. ಕಾಯಿಲಿಗೆ ತಾಗಿರದ ಬೈಮೆಟಲ್ ಹೀಟರನ್ನು ಸಕಾಲಕ್ಕೆ ನಿಲ್ಲಿಸುವುದಿಲ್ಲ. ಶಾಖ ಮಿತಿ ಮೀರಿದಾಗ ಫ್ಯೂಸ್ ತಾನು ಸತ್ತು ಉಳಿದದ್ದನ್ನು ಕಾಯುತ್ತದೆ. ಆದ್ದರಿಂದಲೇ ಆ ಜಾಗದಲ್ಲಿ ಬರೀ ತಂತಿ ಜೋಡಿಸಿ ಮುಗಿಸಬಾರದು, ಅದು ಬೆಂಕಿಗೆ ದಾರಿ. ಅದೇ ಡಿಗ್ರಿಯ ಹೊಸ ಫ್ಯೂಸ್ ತಂದು, ಬೆಸುಗೆ ಹಾಕದೆ ಕ್ರಿಂಪ್ ಮಾಡಿದೆ, ಅಂದರೆ ಸಣ್ಣ ಲೋಹದ ಕೊಳವೆಯೊಳಗೆ ತಂತಿಗಳನ್ನು ಒತ್ತಿ ಬಿಗಿದೆ. ಬೆಸುಗೆಯ ಬಿಸಿಗೆ ಹೊಸದೂ ಸುಟ್ಟುಹೋಗಬಹುದು. ಬೈಮೆಟಲನ್ನು ಕಾಯಿಲಿನ ಕೊಳವೆಗೆ ಮತ್ತೆ ಬಿಗಿಯಾಗಿ ಕಚ್ಚಿಸಿದೆ.

ಮರುದಿನ ಲೋಟದ ನೀರು 4 ಡಿಗ್ರಿಗೆ ಇಳಿಯಿತು. ಅಷ್ಟಕ್ಕೇ ನಂಬಲಿಲ್ಲ, ಹಿಂದೆಯೂ ಒಂದು ವಾರ ಚೆನ್ನಾಗಿತ್ತಲ್ಲ. ಹತ್ತನೆಯ ದಿನ ಫ್ರಿಡ್ಜನ್ನು ಗೋಡೆಯಿಂದ ಸರಿಸಿ ಟಾರ್ಚ್ ಬಿಟ್ಟು ನೋಡಿದೆ. ಹಿಂಬದಿಯ ತಟ್ಟೆಯಲ್ಲಿ ಬೆರಳು ಮುಳುಗುವಷ್ಟು ನೀರು ನಿಂತಿತ್ತು, ಮೇಲಿನ ಕೊಳವೆಯ ತುದಿಯಲ್ಲಿ ಇನ್ನೊಂದು ಹನಿ ತೂಗುತ್ತಿತ್ತು.