ಕೆಲಸ ಮನೆಯೊಳಗೆ ಹಿಂಬಾಲಿಸದಂತೆ ದಿನ ಮುಗಿಸುವುದು

ಹೊರಡುವ 15 ನಿಮಿಷ ಮೊದಲೇ ಹೊಸ ಕೆಲಸ ಕೈಗೆತ್ತಿಕೊಳ್ಳುವುದನ್ನು ನಿಲ್ಲಿಸಿ. ಅರ್ಧಕ್ಕೆ ನಿಂತದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ನಾಳೆಯ ಮೊದಲ ಹೆಜ್ಜೆ ನಮೂದಿಸಿ. ‘ವರದಿ’ ಎಂದಷ್ಟೇ ಬರೆದರೆ ಸಾಲದು. ‘ವರದಿಯ 3ನೇ ಕೋಷ್ಟಕದ ಮೊತ್ತ ತಾಳೆ ನೋಡುವುದು’ ಎಂದಿರಲಿ. ಮುಂದಿನ ಹೆಜ್ಜೆ ಸ್ಪಷ್ಟವಿಲ್ಲದ ಕೆಲಸವೇ ರಾತ್ರಿ ಊಟದ ತಟ್ಟೆಯ ಮುಂದೆಯೂ ತಲೆ ಕೊರೆಯುವುದು.

ಆಮೇಲೆ ಫೋನ್. ಕಚೇರಿ ಮೇಲ್‌ನ ನೋಟಿಫಿಕೇಶನ್ ಆಫ್ ಮಾಡಿ. ಆದರೆ ತುರ್ತಿದ್ದರೆ ಕರೆ ಮಾಡಿ ಎಂದು ಸಹೋದ್ಯೋಗಿಗಳಿಗೆ ಮೊದಲೇ ತಿಳಿಸಿಡಿ. ಹೇಳದೆ ಸುಮ್ಮನಾದರೆ ಅವರಿಗೂ ಗಾಬರಿ, ನಿಮಗೂ ನೆಮ್ಮದಿಯಿಲ್ಲ.

ಮನೆಯ ಕೆಲಸಕ್ಕೆ ಬೇರೆ ಕ್ಯಾಲೆಂಡರ್ ಬೇಡವೇ ಬೇಡ. ಮಗುವಿನ ಶಾಲೆಯ ಸಭೆಯನ್ನೂ ಮೀಟಿಂಗುಗಳಿರುವ ಕ್ಯಾಲೆಂಡರಿನಲ್ಲೇ, ಪ್ರಯಾಣದ ಸಮಯ ಸೇರಿಸಿ ಗುರುತಿಸಿ. ಎರಡು ಕಡೆ ಬರೆದಿಟ್ಟರೆ ಎರಡೂ ಒಂದೇ ಹೊತ್ತಿಗೆ ಬಿದ್ದದ್ದು ಗೊತ್ತಾಗುವುದು ಕೊನೆ ಗಳಿಗೆಯಲ್ಲಿ.