ಎರೆ ಹೊಲದ ಬೇವಿನ ಗಿಡ

ಆಳಂದ ತಾಲ್ಲೂಕಿನ ನಮ್ಮ ತೊಗರಿ ಹೊಲದಲ್ಲಿ ನೆರಳಿಗೆ ಒಂದೂ ಗಿಡ ಇರಲಿಲ್ಲ. (ನಮ್ಮ ಕಡೆ ಎಷ್ಟು ದೊಡ್ಡ ಮರವಾದರೂ ಗಿಡವೇ.) ಮಧ್ಯಾಹ್ನದ ಬುತ್ತಿ ಬಂಡಿಯ ಕೆಳಗೆ ಬಿಚ್ಚಬೇಕು.

ಅವ್ವನಿಗೆ ಆಲ ಬೇಕಿತ್ತು. 2012ರ ಮೃಗಶಿರ ಮಳೆಗೆ ಆಳುದ್ದದ ಟೊಂಗೆ ತಂದು, ಕಡಿದ ತುದಿಗೆ ಸಗಣಿ ಮೆತ್ತಿ, ಎರಡಡಿ ಆಳಕ್ಕೆ ಹೂತೆ. ದೀಪಾವಳಿಗೆ ಚಿಗುರಿ ನಿಂತಿತು, ಮಾರ್ಚ್‌ನಲ್ಲಿ ಒಣಗಿತು. ಕಿತ್ತು ನೋಡಿದರೆ ಬೇರೆಲ್ಲ ಮೇಲೆ ಮೇಲೆ ಅಡ್ಡ ಹರಡಿದ್ದವು. ಎರೆ, ಅಂದರೆ ನಮ್ಮ ಕಪ್ಪು ಮಣ್ಣು, ಕೈ ಹಿಡಿಸುವಷ್ಟು ಬಿರಿದು ಅವನ್ನು ಹರಿದು ಹಾಕಿತ್ತು. ನೀರು ಹಾಕಿಲ್ಲವೆಂದು ಬೈಸಿಕೊಂಡವನು ಮಾತ್ರ ನಾನು.

ಮರುವರ್ಷ ಬೇವು. ಯುಗಾದಿಗೆ ಹೂ ಬಿಡುವ ಗಿಡ. ಬಿಸಿಲು 42 ಡಿಗ್ರಿ ದಾಟುವಾಗ ಮೈತುಂಬ ಎಲೆ ಇರುತ್ತದೆ. ಜೂನ್‌ನಲ್ಲಿ ಉದುರಿದ ಹಣ್ಣು ಆರಿಸಿ, ತಿರುಳು ತಿಕ್ಕಿ ತೊಳೆದು, ನೆರಳಲ್ಲಿ ಆರಿಸಿ, ವಾರದೊಳಗೆ ಐದು ಬೀಜ ಊರಿದೆ. ಬೇವಿನ ಬೀಜ ಇಟ್ಟಷ್ಟೂ ಹುಟ್ಟುವುದು ಕಡಿಮೆ. ನಾಲ್ಕು ಮಾರು ಆಚೆ ನರ್ಸರಿಯ ಮೂರಡಿ ಸಸಿಯನ್ನೂ ನೆಟ್ಟೆ. ಮೂರನೇ ವರ್ಷಕ್ಕೆ ಬೀಜದ ಗಿಡವೇ ಎತ್ತರ! ಅದರ ತಾಯಿಬೇರು ಮೊದಲ ದಿನದಿಂದಲೇ ನೆಟ್ಟಗೆ ಕೆಳಗಿಳಿದಿತ್ತು. ಸಸಿಯದು ಚೀಲದೊಳಗೇ ಸುತ್ತಿಕೊಂಡಿತ್ತು.

ಕುಣಿ ತೋಡಿ ಕೆಂಪು ಮಣ್ಣು ತುಂಬಲಿಲ್ಲ. ಎರೆಯಲ್ಲಿ ಅಂಥ ಕುಣಿ ಮಳೆಗಾಲದಲ್ಲಿ ನೀರು ನಿಂತು ಬೇರು ಕೊಳೆಸುತ್ತದೆ. ಬದಲಿಗೆ ಬುಡವನ್ನು ದಿಬ್ಬ ಮಾಡಿದೆ. ಬೇಸಿಗೆಯಲ್ಲಿ ಬಿರುಕು ಕಂಡಾಗೆಲ್ಲ ಸಲಿಕೆಯಿಂದ ಕೆದಕಿ ಮುಚ್ಚಿ, ಮೇಲೆ ಕಬ್ಬಿನ ರವದಿ (ಒಣಗಿದ ಗರಿ) ಹಾಸುತ್ತಿದ್ದೆ. ಎಂಟು ದಿನಕ್ಕೊಮ್ಮೆ ಎರಡು ಕೊಡ ನೀರು, ಮೂರು ಬೇಸಿಗೆ. ಸುತ್ತ ಜಾಲಿ ಮುಳ್ಳು, ಇಲ್ಲದಿದ್ದರೆ ಆಡು ಬಿಡುವುದಿಲ್ಲ.

ಜಾಗಕ್ಕೇ ಜಗಳವಾಗಿತ್ತು. ಉತ್ತರದ ಬದುವಿನ ಮೇಲೆ ನೆಡಲು ಹೋದಾಗ ಪಕ್ಕದ ಹೊಲದ ಕಾಕಾ, "ಏ ತಮ್ಮಾ, ಚಳಿಗಾಲದಾಗ ನೆಳ್ಳು ನನ್ ಕಡ್ಲಿ ಮ್ಯಾಲ ಬೀಳ್ತದಲೋ" ಅಂದರು. ಖರೇನೇ, ಆಗ ಸೂರ್ಯ ದಕ್ಷಿಣಕ್ಕಿರುತ್ತಾನೆ. ಮೂವತ್ತಡಿ ಒಳಗೆ ಸರಿದು, ಕಣದ ಪಡುವಣ ಅಂಚಿಗೆ ಹಾಕಿದೆ. ಸಂಜೆಬಿಸಿಲು ಈಗ ಕಣಕ್ಕೆ ಬೀಳುವುದಿಲ್ಲ.

ಗಿಡದ ಸುತ್ತ ಎರಡು ಸಾಲು ತೊಗರಿ ಪೀಚಾಗೇ ಬರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.